ಫ್ಯಾನ್ ಹಬ್: ಎರಡು ವರ್ಷದ ಬಳಕೆ, ಒಂದು ದೂರು

ನಾನೇ ಜೋಡಿಸಿದ ಕಂಪ್ಯೂಟರಿನಲ್ಲಿ ಐದು ಕೇಸ್ ಫ್ಯಾನ್ ಇವೆ. ಮದರ್‌ಬೋರ್ಡಿನಲ್ಲಿ ಅವಕ್ಕೆ ಉಳಿದಿದ್ದ ಹೆಡರ್, ಅಂದರೆ ಫ್ಯಾನಿನ ತಂತಿ ಸಿಕ್ಕಿಸುವ ಪಿನ್ನುಗಳ ಜಾಗ, ಎರಡೇ. ಮೊದಮೊದಲು ಮೂರು ಫ್ಯಾನಿಗೆ ಮೊಲೆಕ್ಸ್ ಅಡಾಪ್ಟರ್ ಹಾಕಿ ಪವರ್ ಸಪ್ಲೈಯಿಂದ ನೇರವಾಗಿ ಕರೆಂಟ್ ಕೊಟ್ಟಿದ್ದೆ. ಅಲ್ಲಿ ಬರುವುದು ಯಾವಾಗಲೂ 12 ವೋಲ್ಟ್, ಅಂದರೆ ಯಾವಾಗಲೂ ಫುಲ್ ಸ್ಪೀಡ್. ಸುಮ್ನೆ ಏನೋ ಓದುತ್ತಾ ಕೂತಿದ್ದರೂ ಗುಂಯ್ ಅನ್ನುವ ಸದ್ದು ನಿಲ್ಲುತ್ತಿರಲಿಲ್ಲ. ಒಂದೇ ವಾರಕ್ಕೆ ಸಾಕಾಗಿಹೋಯಿತು.

ಕವಲೊಡೆದ ತಂತಿ, ಅಂದರೆ ಸ್ಪ್ಲಿಟರ್ ಹಾಕಿ ಐದನ್ನೂ ಒಂದೇ ಹೆಡರಿಗೆ ಕೊಡೋಣವೆಂದರೆ ಲೆಕ್ಕ ಕೂಡಲಿಲ್ಲ. ನನ್ನ ಬೋರ್ಡಿನಲ್ಲಿ ಒಂದು ಹೆಡರಿನ ಮಿತಿ 1 ಆಂಪಿಯರ್. ಪ್ರತಿ ಫ್ಯಾನಿನ ಹಿಂದೆ 0.3 ಆಂಪಿಯರ್ ಅಂತ ಬರೆದಿದೆ. ಐದಕ್ಕೆ 1.5 ಆಯಿತಲ್ವಾ? ಹಾಗಾಗಿ ಹಲವು ಫ್ಯಾನ್‌ಗಳನ್ನು ಒಂದೇ ಕಡೆ ಸಿಕ್ಕಿಸುವ ಹಬ್ ತಂದೆ. ಇದಕ್ಕೆ ಕರೆಂಟ್ ಬರುವುದು ಪವರ್ ಸಪ್ಲೈಯ ಸಾಟಾ ಕೇಬಲಿನಿಂದ. ಎಷ್ಟು ವೇಗ ಬೇಕು ಅನ್ನುವ ಪಿಡಬ್ಲ್ಯೂಎಂ ಸಿಗ್ನಲ್ ಮಾತ್ರ ಬೋರ್ಡಿನಿಂದ. ನಿಮ್ಮವು ಮೂರು ಪಿನ್ನಿನ ಫ್ಯಾನ್ ಆಗಿದ್ದರೆ ಇಂಥ ಹಬ್ ಬೇಡ. ಆ ಸಿಗ್ನಲ್ ಹೋಗುವುದೇ ನಾಲ್ಕನೇ ಪಿನ್ನಿನಲ್ಲಿ. ಅದಿಲ್ಲದಿದ್ದರೆ ಮತ್ತೆ ಫುಲ್ ಸ್ಪೀಡ್.

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡುವ ಗಳಿಗೆ ನನಗೆ ಬಹಳ ಇಷ್ಟ. ಬಟನ್ ಒತ್ತಿದ ಕೂಡಲೇ ಐದೂ ಒಟ್ಟಿಗೆ ಜೋರಾಗಿ ತಿರುಗುತ್ತವೆ. ಎರಡು ಮೂರು ಸೆಕೆಂಡ್, ಅಷ್ಟೇ. ಆಮೇಲೆ ಸದ್ದು ಮೆಲ್ಲಗೆ ಇಳಿಯುತ್ತಾ ಬಂದು ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸತೊಡಗುತ್ತದೆ. ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ 50 ಡಿಗ್ರಿಯವರೆಗೆ ಫ್ಯಾನ್ ವೇಗ 40 ಶೇಕಡಾ ಅಂತ ಇಟ್ಟಿದ್ದೇನೆ. ಒಂದೂವರೆ ವರ್ಷ ಇದರ ಬಗ್ಗೆ ಕೇಳಿದವರಿಗೆಲ್ಲ ಕಣ್ಣು ಮುಚ್ಚಿಕೊಂಡು ತಗೊಳ್ಳಿ ಅಂದಿದ್ದೆ.

ಆಮೇಲೆ ಒಂದು ದಿನ ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ ಎಂದಿಗಿಂತ 6 ಡಿಗ್ರಿ ಜಾಸ್ತಿ ತೋರಿಸಿತು. ಧೂಳು ಕೂತಿರಬೇಕು ಅಂದುಕೊಂಡು ಒರೆಸಿ, ಬದಿಯ ಗಾಜು ಹಾಕದೆಯೇ ಆನ್ ಮಾಡಿದೆ. ಬಿಸಿಗಾಳಿಯನ್ನು ಹೊರಗೆ ತಳ್ಳುವ ಹಿಂದಿನ ಫ್ಯಾನ್ ಅಲ್ಲಾಡದೆ ನಿಂತಿತ್ತು. ಒಂದು ರೆಕ್ಕೆ ಸಣ್ಣಗೆ ನಡುಗುತ್ತಿತ್ತು, ಆದರೆ ಸುತ್ತು ಹೊಡೆಯುತ್ತಿರಲಿಲ್ಲ. ಯಾವಾಗ ನಿಂತಿತೋ! ಬಯೋಸ್ ನೋಡಿದರೆ ಎಂದಿನ ಹಾಗೆ 800 ಆರ್‌ಪಿಎಂ, ಅಂದರೆ ನಿಮಿಷಕ್ಕೆ 800 ಸುತ್ತು.

ಕಾರಣ ಇಷ್ಟು. ಪ್ರತಿ ಫ್ಯಾನ್ ಒಂದು ಸುತ್ತಿಗೆ ಎರಡು ಸಲ ಮಿಡಿದು ತನ್ನ ವೇಗ ಹೇಳುತ್ತದೆ. ಐದರ ಮಿಡಿತ ಒಂದೇ ತಂತಿಯಲ್ಲಿ ಬೆರೆತರೆ ಎಣಿಸಲು ಆಗುವುದಿಲ್ಲ. ಅದಕ್ಕೆ ಹಬ್ ಒಂದನೇ ಪೋರ್ಟಿನ ಫ್ಯಾನ್ ಹೇಳಿದ್ದನ್ನು ಮಾತ್ರ ಬೋರ್ಡಿಗೆ ಮುಟ್ಟಿಸುತ್ತದೆ. ಉಳಿದ ನಾಲ್ಕು ಸತ್ತರೂ ಸುದ್ದಿ ಬರುವುದಿಲ್ಲ. ಡಬ್ಬಿಯ ಮೇಲೆ ಈ ಮಾತು ಎಲ್ಲೂ ಇಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಪ್ರತಿ ಪೋರ್ಟಿನ ಪಕ್ಕ ಒಂದು ಪುಟ್ಟ ದೀಪ ಇಟ್ಟಿದ್ದರೂ ಸಾಕಿತ್ತು.

ಹಬ್ ಬಿಸಾಡಲಿಲ್ಲ. ಮುಂದಿನ ಮೂರು, ಮೇಲಿನ ಒಂದು ಈಗಲೂ ಅದರಲ್ಲೇ ಇವೆ. ಅವುಗಳಲ್ಲಿ ಒಂದು ನಿಂತರೆ ಉಳಿದವು ಹೇಗೋ ಸಂಭಾಳಿಸುತ್ತವೆ. ಹಿಂದಿನದಕ್ಕೆ ಹೊಸ ಫ್ಯಾನ್ ಹಾಕಿ ಎರಡನೇ ಹೆಡರಿಗೆ ನೇರವಾಗಿ ಕೊಟ್ಟೆ. ಅದರ ವೇಗ ಈಗ ಬೇರೆಯಾಗಿಯೇ ಕಾಣುತ್ತದೆ. ಭಾನುವಾರಕ್ಕೊಮ್ಮೆ ಟಾರ್ಚ್ ಹಿಡಿದು ಗಾಜಿನಾಚೆಯಿಂದ ಉಳಿದ ನಾಲ್ಕನ್ನೂ ನೋಡಿಕೊಳ್ಳುತ್ತೇನೆ.