ಹುಬ್ಬಳ್ಳಿಯಲ್ಲಿ ಎಂಬಿಎ: ತರಗತಿಯ ಹೊರಗೆ ಸಿಕ್ಕಿದ್ದು, ಸಿಗದೇ ಹೋದದ್ದು

ಸ್ನಾತಕೋತ್ತರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಮುಗಿಸಿ ಕಾಲೇಜು ಆರಿಸಿಕೊಳ್ಳುವಾಗ ನಮ್ಮ ಮನೆಯಲ್ಲಿ ಕೇಳಿದ್ದು ಎರಡೇ ಪ್ರಶ್ನೆ: ಶುಲ್ಕ ಎಷ್ಟು, ಪ್ಲೇಸ್‌ಮೆಂಟ್ ಹೇಗಿದೆ. ನಾನೂ ಅದಕ್ಕಿಂತ ಹೆಚ್ಚು ವಿಚಾರಿಸಲಿಲ್ಲ. ಹುಬ್ಬಳ್ಳಿಯಲ್ಲಿರುವ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸಂಯೋಜನೆಗೊಂಡ ಕಾಲೇಜೊಂದರಲ್ಲಿ ಎರಡು ವರ್ಷ ಕಳೆದು, ಕೆಲಸಕ್ಕೆ ಸೇರಿ, ದಿನವೂ ಜನರ ಜೊತೆ ವ್ಯವಹರಿಸುತ್ತಿರುವ ಈ ಹೊತ್ತಿನಲ್ಲಿ ಮೂರನೆಯದೊಂದು ಪ್ರಶ್ನೆಯನ್ನು ಕೇಳಬೇಕಿತ್ತು ಎನ್ನಿಸುತ್ತದೆ. ತರಗತಿಯ ಹೊರಗೆ ಈ ಕಾಲೇಜು ಏನು ಮಾಡಲು ಬಿಡುತ್ತದೆ, ಯಾರನ್ನು ಬಿಡುತ್ತದೆ? ಕಾಲೇಜಿನ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಾನು ಕಂಡ ಗುಣಗಳೂ ಕೊರತೆಗಳೂ ಅದೊಂದಕ್ಕೇ ಸೀಮಿತವಾದವಲ್ಲ ಎಂಬುದನ್ನು ಬೇರೆ ಕಾಲೇಜುಗಳ ಗೆಳತಿಯರಿಂದ ಕೇಳಿ ತಿಳಿದಿದ್ದೇನೆ.

ಮೊದಲು ಫೆಸ್ಟ್ ವಿಚಾರ. ಬೆಸ್ಟ್ ಮ್ಯಾನೇಜರ್, ಬಿಸಿನೆಸ್ ಕ್ವಿಜ್, ಮಾರ್ಕೆಟಿಂಗ್, ಫೈನಾನ್ಸ್, ಎಚ್‌ಆರ್ ಹೀಗೆ ಸ್ಪರ್ಧೆಗಳನ್ನಿಟ್ಟು ಸುತ್ತಲಿನ ಕಾಲೇಜುಗಳನ್ನು ಕರೆಯುವ ಎರಡು ದಿನದ ಮ್ಯಾನೇಜ್‌ಮೆಂಟ್ ಫೆಸ್ಟನ್ನು ನಮ್ಮಲ್ಲಿ ಪೂರ್ತಿಯಾಗಿ ವಿದ್ಯಾರ್ಥಿಗಳೇ ನಡೆಸುತ್ತಿದ್ದರು. ಕಾಲೇಜು ಸಭಾಂಗಣವನ್ನೂ ಖರ್ಚಿನ ಒಂದು ಪಾಲನ್ನೂ ಕೊಟ್ಟರೆ ಉಳಿದ ಹಣವನ್ನು ನಾವೇ ಹೊಂದಿಸಬೇಕಿತ್ತು. ನನ್ನನ್ನು ಪ್ರಾಯೋಜಕರನ್ನು ಹುಡುಕುವ ತಂಡಕ್ಕೆ ಹಾಕಿದರು. ಕೊಪ್ಪಿಕರ ರಸ್ತೆಯಿಂದ ದುರ್ಗದಬೈಲಿನವರೆಗೆ ಮೂರು ದಿನ ಅಂಗಡಿ ಅಂಗಡಿ ಅಲೆದರೂ ಯಾರೂ ಮನಸ್ಸು ಮಾಡಿರಲಿಲ್ಲ. ದುರ್ಗದಬೈಲಿನ ಪಾತ್ರೆ ಅಂಗಡಿಯ ಹಿರಿಯರೊಬ್ಬರು ಮಾತ್ರ ನಮ್ಮನ್ನು ಕೂರಿಸಿ, ನಾವು ಕೊಟ್ಟ ಹಾಳೆಯನ್ನು ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೂ ಓದಿ, ಮಡಚಿ ಗಲ್ಲಾಪೆಟ್ಟಿಗೆಯ ಮೇಲಿಟ್ಟರು. "ಯವ್ವಾ, ಬ್ಯಾನರಿನ ಮ್ಯಾಲೆ ನಮ್ಮ ಅಂಗಡಿ ಹೆಸರು ಹಾಕ್ತೀರಿ, ಖರೆ. ಅದನ್ನ ನೋಡಿದ ಹುಡುಗರು ನಮ್ಮಲ್ಲಿ ಪಾತ್ರೆ ತಗೊಳ್ಳಾಕ ಯಾಕ ಬರ್ತಾರ, ಅದನ್ನಷ್ಟು ಹೇಳ್ರಿ" ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. "ನಾಳೆ ಬಂದು ಹೇಳ್ತೀವ್ರಿ ಕಾಕಾ" ಎಂದು ಹೊರಟೆವು. ಆ ರಾತ್ರಿ ಕೂತು ಲೆಕ್ಕ ಹಾಕಿದಾಗ, ನಮ್ಮ ಬ್ಯಾಚಿನಲ್ಲೇ ಗದಗ, ಹಾವೇರಿ, ಬಾಗಲಕೋಟೆ ಕಡೆಯಿಂದ ಬಂದು ರೂಮು ಮಾಡಿಕೊಂಡವರು ಬೇಕಾದಷ್ಟು ಜನರಿದ್ದಾರೆ, ಅವರಿಗೆ ಕುಕ್ಕರಿನಿಂದ ಹಿಡಿದು ಬುತ್ತಿ ಡಬ್ಬಿಯವರೆಗೆ ಎಲ್ಲವೂ ಹೊಸದಾಗಿ ಬೇಕಾಗುತ್ತದೆ ಎಂಬುದು ಹೊಳೆಯಿತು. ಮರುದಿನ ರಿಯಾಯಿತಿ ಚೀಟಿಯ ನಮೂನೆಯನ್ನು ಕೈಯಲ್ಲೇ ಬರೆದುಕೊಂಡು ಹೋದೆವು. ಅವರು ಮೂರು ಸಾವಿರ ರೂಪಾಯಿ ಕೊಟ್ಟರು, ಚೀಟಿ ತಂದವರಿಗೆ ರಿಯಾಯಿತಿ ಕೊಡಲೂ ಒಪ್ಪಿದರು. ಮಾರುಕಟ್ಟೆಯನ್ನು ಗುಂಪುಗಳಾಗಿ ವಿಂಗಡಿಸುವ ಪಾಠ ಅದಕ್ಕೂ ಒಂದು ತಿಂಗಳು ಮೊದಲೇ ತರಗತಿಯಲ್ಲಿ ಮುಗಿದಿತ್ತು, ಆಂತರಿಕ ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಆದರೆ ಅದು ನನಗೆ ಅರ್ಥವಾದದ್ದು ಆ ಅಂಗಡಿಯ ಕಟ್ಟೆಯ ಮೇಲೆ. ಇಂಥ ಅನುಭವಕ್ಕೆ ದಾರಿ ಮಾಡಿಕೊಟ್ಟದ್ದಕ್ಕೆ, ಹಣ ಕೂಡಿಸುವ ಮತ್ತು ಖರ್ಚು ಮಾಡುವ ಜವಾಬ್ದಾರಿಯನ್ನು ನಂಬಿ ನಮ್ಮ ಕೈಗೆ ಬಿಟ್ಟದ್ದಕ್ಕೆ ನಾನು ಕಾಲೇಜಿಗೆ ಋಣಿ.

ಆದರೆ ಹೀಗೆ ಅಲೆದ ಮೂರು ದಿನಗಳ ಹಾಜರಾತಿ ನಮಗೆ ಪೂರ್ತಿಯಾಗಿ ಸಿಗಲಿಲ್ಲ. ವಿಟಿಯು ನಿಯಮದಂತೆ ಪ್ರತಿ ವಿಷಯಕ್ಕೂ ಶೇ. 85ರಷ್ಟು ಹಾಜರಾತಿ ಬೇಕು. ಕಾಲೇಜಿನ ಕೆಲಸಕ್ಕೇ ಹೊರಗೆ ಹೋದವರಿಗೆ ಓಡಿ (ಆನ್ ಡ್ಯೂಟಿ, ಅಂದರೆ ತರಗತಿಯಲ್ಲಿ ಇಲ್ಲದಿದ್ದರೂ ಹಾಜರಾತಿ) ಕೊಡುತ್ತೇವೆ ಎಂದು ಮೊದಲ ದಿನ ವೇದಿಕೆಯ ಮೇಲಿಂದ ಹೇಳಿದ್ದರು. ಸೆಮಿಸ್ಟರಿನ ಕೊನೆಯಲ್ಲಿ ಓಡಿ ಪತ್ರ ಹಿಡಿದು ಒಬ್ಬೊಬ್ಬ ಪ್ರಾಧ್ಯಾಪಕರ ಕೊಠಡಿಯ ಮುಂದೆಯೂ ನಿಲ್ಲಬೇಕಾಯಿತು. ಇಬ್ಬರು ಸಹಿ ಹಾಕಿದರು, ಒಬ್ಬರು ಪತ್ರ ತಡವಾಗಿ ಬಂತೆಂದು ಹಿಂತಿರುಗಿಸಿದರು. ಅದೇ ಕಾರಣಕ್ಕೆ ಎರಡನೇ ವರ್ಷ ನನ್ನ ತಂಡದ ಇಬ್ಬರು ಒಳ್ಳೆಯ ಕೆಲಸಗಾರರು ಫೆಸ್ಟಿನಿಂದ ದೂರ ಉಳಿದರು. ಒಂದು ಸುತ್ತೋಲೆಯಿಂದ ಸರಿಪಡಿಸಬಹುದಾದ ಈ ಕೊರತೆ ನಾನಿದ್ದ ಎರಡೂ ವರ್ಷ ಹಾಗೇ ಉಳಿದದ್ದು ಬೇಸರದ ಸಂಗತಿ.

ಕೈಗಾರಿಕಾ ಭೇಟಿಗಳ ಬಗ್ಗೆ ಹೇಳುವುದಾದರೆ, ಹೆಚ್ಚಿನವು ಬಸ್ಸಿನಲ್ಲಿ ಹಾಡುತ್ತಾ ಹೋಗಿ, ಒಂದು ಗುಂಪು ಫೋಟೋ ತೆಗೆಸಿಕೊಂಡು, ಎರಡು ಪುಟದ ವರದಿ ಒಪ್ಪಿಸುವಲ್ಲಿಗೆ ಮುಗಿಯುತ್ತಿದ್ದವು. ಅದಕ್ಕೆ ಅಪವಾದವಾಗಿದ್ದ ಒಂದೇ ಒಂದು ಭೇಟಿ ಹುಬ್ಬಳ್ಳಿಯಲ್ಲೇ ಇರುವ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ್ದು. 1957ರಲ್ಲಿ ಆರಂಭವಾದ ಈ ಸಂಘ ಭಾರತೀಯ ಮಾನಕ ಬ್ಯೂರೋದ ಮಾನ್ಯತೆಯೊಂದಿಗೆ ಖಾದಿಯ ರಾಷ್ಟ್ರಧ್ವಜವನ್ನು ತಯಾರಿಸುತ್ತದೆ. ಬಾಗಲಕೋಟೆ ಕಡೆ ನೂತು ನೇಯ್ದ ಬಟ್ಟೆ ಇಲ್ಲಿಗೆ ಬಂದು, ಬಣ್ಣ ಪಡೆದು, ಚಕ್ರದ ಮುದ್ರೆ ಹಾಕಿಸಿಕೊಂಡು, ಹೊಲಿಗೆಯಾಗಿ ಹೊರಡುತ್ತದೆ. ಧ್ವಜದ ಉದ್ದ ಮತ್ತು ಅಗಲ 3:2ರ ಅನುಪಾತದಲ್ಲೇ ಇರಬೇಕು. ಚಕ್ರದ 24 ಅರಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂರಬೇಕು. ಅಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರು ಮುದ್ರೆ ಮುಗಿದ ಬಿಳಿ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು, ಎರಡು ಚಕ್ರಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದೆಯೇ ಎಂದು ನೋಡಿ, ಏನೂ ಹೇಳದೆ ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡರು. ಗುಣಮಟ್ಟ ನಿಯಂತ್ರಣದ ಬಗ್ಗೆ ಅದಕ್ಕಿಂತ ಸ್ಪಷ್ಟವಾದ ಪಾಠವನ್ನು ನಾನು ಇನ್ನೆಲ್ಲೂ ಕಲಿಯಲಿಲ್ಲ.

ಆ ಭೇಟಿಯನ್ನು ಏರ್ಪಡಿಸಿದ್ದ ಮೇಡಂ ವರದಿಯನ್ನು ಕೇಳದೆ ಒಂದು ಪ್ರಶ್ನೆಯನ್ನು ಕೊಟ್ಟರು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ಸಿಕ್ಕಿದೆ. ಬೆಲೆಯಲ್ಲಿ ಅವುಗಳೊಂದಿಗೆ ಎಂದೂ ಸ್ಪರ್ಧಿಸಲಾಗದ ಈ ಸಂಘ ಯಾರಿಗೆ, ಏನೆಂದು ಹೇಳಿ ಮಾರಬೇಕು? ನಾವು ಐದು ಜನ ಮೂರು ವಾರ ಅದರಲ್ಲೇ ಮುಳುಗಿದ್ದೆವು, ಶಾಲೆಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಹೋಗಿ ಧ್ವಜವನ್ನು ಎಲ್ಲಿಂದ ಕೊಳ್ಳುತ್ತೀರಿ ಎಂದು ಕೇಳಿ ಬರೆದುಕೊಂಡೆವು. ಈ ಕೆಲಸಕ್ಕೆ ಅಂಕಗಳಿರಲಿಲ್ಲ. ನಾನು ನೌಕರಿಯ ಸಂದರ್ಶನದಲ್ಲಿ ಇಪ್ಪತ್ತು ನಿಮಿಷ ಮಾತನಾಡಿದ್ದು ಮಾತ್ರ ಇದರ ಬಗ್ಗೆಯೇ.

ಉದ್ಯಮಶೀಲತಾ ಕೋಶ ಹೆಸರಿಗಿತ್ತು. ಹೊಸ ಉದ್ಯಮಗಳಿಗೆ ನೆರವಾಗುವ, ಗೋಕುಲ ರಸ್ತೆಯ ದೇಶಪಾಂಡೆ ಸ್ಟಾರ್ಟಪ್ಸ್‌ಗೆ ಒಮ್ಮೆ ಕರೆದೊಯ್ದರು, ಅಲ್ಲಿ ನೋಡಿ ಕಲಿಯುವುದು ಬಹಳವಿತ್ತು, ಆದರೆ ಕಾಲೇಜಿಗೆ ಮರಳಿದ ಮೇಲೆ ಅದನ್ನು ಮುಂದುವರಿಸಿದವರಿಲ್ಲ. ಕ್ರೀಡೆಗೆ ಮೈದಾನ ಚೆನ್ನಾಗಿದೆ. ಎಂಬಿಎ ವಿದ್ಯಾರ್ಥಿಗಳಿಗೆ ಅದು ಖಾಲಿ ಸಿಗುವುದು ಅಪರೂಪ.

ಭಾಷಣ ಕ್ಲಬ್ಬಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಕನ್ನಡ ಮಾಧ್ಯಮದಿಂದ ಬಂದ ನನ್ನಂಥವರಿಗೆ ಅತ್ಯಂತ ಹೆಚ್ಚು ಬೇಕಾಗಿದ್ದದ್ದೂ, ನಾವು ಅತ್ಯಂತ ಹೆಚ್ಚು ಹೆದರಿದ್ದೂ ಅದಕ್ಕೇ. ವಾರಕ್ಕೊಮ್ಮೆ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತನಾಡಬೇಕಿತ್ತು. ಮೊದಲ ಸಲ ನಾನು ನಲವತ್ತು ಸೆಕೆಂಡಿಗೆ ನಿಂತುಹೋದೆ, ಯಾರೂ ನಗಲಿಲ್ಲ. ಸೀನಿಯರ್ ಒಬ್ಬಳು ಮುಗಿದ ಮೇಲೆ ಬಂದು, ಮುಂದಿನ ವಾರ ನಿನಗೆ ಗೊತ್ತಿರುವ ವಿಷಯವನ್ನೇ ತೆಗೆದುಕೋ ಎಂದಳು. ನಮ್ಮೂರಿನ ಒಣಮೆಣಸಿನಕಾಯಿ ವ್ಯಾಪಾರ, ಬ್ಯಾಡಗಿ ಮಾರುಕಟ್ಟೆಯ ಟೆಂಡರು, ಬಣ್ಣಕ್ಕೆ ಸಿಗುವ ಬೆಲೆ ಇವನ್ನೇ ವಿಷಯವಾಗಿ ಇಟ್ಟುಕೊಂಡು ಒಂದು ಸೆಮಿಸ್ಟರು ಮಾತನಾಡಿದೆ. ಅಂಜಿಕೆ ಹೋಯಿತು. ಇಷ್ಟಾದರೂ ಫೆಸ್ಟಿನ ನಿರೂಪಣೆ, ಅತಿಥಿಗಳ ಸ್ವಾಗತ, ಬೆಂಗಳೂರಿನ ಸ್ಪರ್ಧೆಗಳಿಗೆ ಹೋಗುವ ತಂಡ ಎಂದಾಗ ಮೊದಲಿನಿಂದಲೂ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಏಳೆಂಟು ಜನರ ಹೆಸರೇ ಬರುತ್ತಿತ್ತು. ಉಳಿದವರಿಗೆ ನೋಂದಣಿ ಮೇಜು ಮತ್ತು ಊಟದ ಕೂಪನ್ ಹಂಚುವ ಕೆಲಸ. ಸರದಿಯ ಮೇಲೆ ಎಲ್ಲರನ್ನೂ ವೇದಿಕೆಗೆ ಕರೆಯುವ ಪದ್ಧತಿ ಇದ್ದಿದ್ದರೆ ಎಷ್ಟು ಜನ ಬೆಳೆಯುತ್ತಿದ್ದರು ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಒಟ್ಟಾರೆ ಅಂಕ ಕೊಡಬೇಕೆಂದರೆ ಐದಕ್ಕೆ ಮೂರು ಕೊಡುತ್ತೇನೆ. ಅವಕಾಶಗಳ ಸಂಖ್ಯೆಗಾದರೆ ನಾಲ್ಕು ಕೊಡಬಹುದಿತ್ತು. ಒಂದನ್ನು ಕಳೆದದ್ದು ಹಾಸ್ಟೆಲ್ ಗೇಟಿನ ಕಾರಣಕ್ಕೆ. ಹುಡುಗಿಯರ ಹಾಸ್ಟೆಲ್ ಸಂಜೆ ಏಳಕ್ಕೆ ಮುಚ್ಚುತ್ತಿತ್ತು. ಫೆಸ್ಟಿನ ಸಭೆಗಳು ಶುರುವಾಗುತ್ತಿದ್ದದ್ದು ಆರೂವರೆಗೆ. ತೀರ್ಮಾನಗಳೆಲ್ಲ ಆಗುವ ಹೊತ್ತಿಗೆ ನಾವು ಕೋಣೆಯಲ್ಲಿರುತ್ತಿದ್ದೆವು, ಮರುದಿನ ಬೆಳಿಗ್ಗೆ ವಾಟ್ಸಾಪಿನಲ್ಲಿ ಓದಿ ತಿಳಿದುಕೊಳ್ಳುತ್ತಿದ್ದೆವು. ತರಗತಿಯಲ್ಲಿ ಅರ್ಧದಷ್ಟು ಹುಡುಗಿಯರಿದ್ದರೂ ಎರಡು ವರ್ಷವೂ ಫೆಸ್ಟಿನ ಮುಖ್ಯ ಸಂಚಾಲಕ ಹುಡುಗನೇ ಆಗಿದ್ದಕ್ಕೆ ಈ ಗೇಟಿಗಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಕಾಲೇಜು ನೋಡಲು ಹೋಗುವವರು, ಸಾಧ್ಯವಾದರೆ ಮಧ್ಯಾಹ್ನ ಹೋಗದೆ ಸಂಜೆ ಆರರ ಸುಮಾರಿಗೆ ಹೋಗಿ. ಆ ಹೊತ್ತಿನಲ್ಲಿ ಆವರಣದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ನೋಡಿ, ಓಡಿ ಸಿಗುತ್ತದೆಯೇ ಎಂದು ಕಚೇರಿಯಲ್ಲಿ ಕೇಳುವ ಬದಲು ಎರಡನೇ ವರ್ಷದ ವಿದ್ಯಾರ್ಥಿನಿಯರನ್ನೇ ಕೇಳಿ. ನಮ್ಮ ಕೊನೆಯ ಸೆಮಿಸ್ಟರಿನಲ್ಲಿ ಹಾಸ್ಟೆಲಿನ ಹುಡುಗಿಯರೆಲ್ಲ ಸಹಿ ಹಾಕಿ ಒಂದು ಮನವಿ ಕೊಟ್ಟಿದ್ದೆವು. ಈಗ ಅಲ್ಲಿ ಓದುತ್ತಿರುವವರು ಹೇಳುವಂತೆ, ಫೆಸ್ಟಿನ ಎರಡು ವಾರ ಗೇಟು ಒಂಬತ್ತರವರೆಗೆ ತೆರೆದಿರುತ್ತದೆ, ಉಳಿದ ದಿನಗಳಲ್ಲಿ ಹಳೆಯ ಸಮಯವೇ ಇದೆ.