ಮೂತ್ರಕೋಶದ ಕ್ಯಾನ್ಸರ್‌ಗೆ ಬಿಸಿಜಿ: ಆರು ವಾರಗಳ ಚಿಕಿತ್ಸೆಯ ವಿಮರ್ಶೆ

ನಮ್ಮ ತಂದೆಯವರ ಮೂತ್ರಕೋಶದಲ್ಲಿದ್ದ, ಸ್ನಾಯುವಿನವರೆಗೆ ಇಳಿಯದ ಗಡ್ಡೆಯನ್ನು ಕೆರೆದು ತೆಗೆದ ಮೇಲೆ, ಅದು ಮರುಕಳಿಸದಿರಲೆಂದು ವೈದ್ಯರು ವಾರಕ್ಕೊಮ್ಮೆಯಂತೆ 6 ವಾರ ಬಿಸಿಜಿ ನೀಡಿದರು. ಹಸುಗೂಸುಗಳಿಗೆ ಕ್ಷಯದ ವಿರುದ್ಧ ಚುಚ್ಚುವ ಅದೇ ದುರ್ಬಲಗೊಳಿಸಿದ ಜೀವಂತ ಬ್ಯಾಕ್ಟೀರಿಯಾ ಇಲ್ಲಿ ತೆಳುವಾದ ನಳಿಕೆಯ ಮೂಲಕ ಮೂತ್ರಕೋಶ ಸೇರಿ, ಸುಮಾರು 2 ಗಂಟೆ ಅಲ್ಲೇ ಉಳಿಯುತ್ತದೆ.

ಈ ಔಷಧದ ಹೆಚ್ಚುಗಾರಿಕೆ ಇರುವುದು ಅದು ದೇಹದ ರಕ್ಷಣಾ ಕೋಶಗಳನ್ನು ರೋಗದ ಜಾಗಕ್ಕೇ ಕರೆತರುವುದರಲ್ಲಿ: ಮೊದಲು ನ್ಯೂಟ್ರೋಫಿಲ್ ಮತ್ತು ಮ್ಯಾಕ್ರೋಫೇಜ್‌ಗಳು, ಬಳಿಕ ಟಿ ಕೋಶಗಳು. ಆದರೆ ಗಡ್ಡೆಯೊಳಗೆ ಸೇರಿದ ರಕ್ಷಣಾ ಕೋಶಗಳೆಲ್ಲವೂ ರೋಗಿಯ ಪರ ನಿಲ್ಲುವುದಿಲ್ಲ. ಕೆಲವು ಮ್ಯಾಕ್ರೋಫೇಜ್‌ಗಳು ಗಡ್ಡೆಗೇ ಆಸರೆಯಾಗುತ್ತವೆ, ಪಿಡಿ-ಎಲ್1 ಎಂಬ ಪ್ರೋಟೀನು ಟಿ ಕೋಶಗಳ ಕೈ ಕಟ್ಟುತ್ತದೆ. ಆ ಕಟ್ಟನ್ನು ಬಿಡಿಸುವ ಪೆಂಬ್ರೋಲಿಝುಮ್ಯಾಬ್ ಎಂಬ ಔಷಧಕ್ಕೆ, ಬಿಸಿಜಿಗೆ ಮಣಿಯದ ಕೆಲವು ರೋಗಿಗಳಲ್ಲಿ ಬಳಸಲು, ಅಮೆರಿಕದಲ್ಲಿ 2020ರಲ್ಲಿ ಅನುಮತಿ ದೊರೆಯಿತು.

ಪ್ರತಿ ಸಲವೂ ಉರಿಮೂತ್ರ ಮತ್ತು ಸಣ್ಣ ಜ್ವರ ಒಂದೆರಡು ದಿನ ಕಾಡಿದವು. ಅದಕ್ಕಿಂತ, ಆಸ್ಪತ್ರೆಯಲ್ಲಿ ಔಷಧದ ದಾಸ್ತಾನು ಮುಗಿದು ನಾಲ್ಕನೆಯ ಸರದಿ ತಡವಾದದ್ದೇ ನಮ್ಮನ್ನು ಹೆಚ್ಚು ಕಂಗೆಡಿಸಿತು. ಇಂಥ ಚಿಕಿತ್ಸೆಯನ್ನು ಆರಂಭಿಸುವ ಮುನ್ನವೇ ಆರೂ ಸರದಿಗೆ ಬೇಕಾದಷ್ಟನ್ನು ಕಾದಿರಿಸಬೇಕು. ಆದರೂ 1976ರಲ್ಲಿ ಕೆನಡಾದ ಮೂತ್ರರೋಗ ತಜ್ಞ ಆಲ್ವಾರೋ ಮೊರಾಲೆಸ್ ಅವರ ತಂಡ ವರದಿ ಮಾಡಿದ ಈ ವಿಧಾನವನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ: ಮೂರನೆಯ ತಿಂಗಳ ಸಿಸ್ಟೋಸ್ಕೋಪಿಯಲ್ಲಿ (ಮೂತ್ರಕೋಶದೊಳಗೆ ನಳಿಕೆ ಇಳಿಸಿ ನೋಡುವ ಪರೀಕ್ಷೆ) ಹೊಸ ಗಡ್ಡೆ ಕಾಣಲಿಲ್ಲ, ತಂದೆಯವರ ಮೂತ್ರಕೋಶ ಉಳಿದಿದೆ.