ಕಿಟಕಿ ಇಲ್ಲದ್ದು, ಕಿಟಕಿ ಇದ್ದದ್ದು, ಬಾಲ್ಕನಿ: ಹತ್ತು ಮಂದಿಯ ಮನೆಗೆ ಹಡಗಿನ ಯಾವ ಕೋಣೆ?

ಕ್ರೂಸ್ ಹಡಗಿನ ಬುಕಿಂಗ್‌ನಲ್ಲಿ 'ನಾಲ್ವರ ಕೋಣೆ' ಅಂತ ಬರೆದಿದ್ದರೆ ಅದು ದೊಡ್ಡವರ ಲೆಕ್ಕ. ಕೆಳಗೆ ಎರಡು ಮಂಚ, ಗೋಡೆಯಿಂದ ಬಿಚ್ಚಿ ಇಳಿಸುವ ಇನ್ನೆರಡು ಮೇಲ್ಗಡೆ. ಮೇಲಿನ ಮಂಚಕ್ಕೆ ಏಣಿ, ಅಂಚಿಗೊಂದು ತಡೆಪಟ್ಟಿ ಎಲ್ಲ ಇರುತ್ತವೆ. ಆದರೂ ಆರು ವರ್ಷ ತುಂಬದ ಮಕ್ಕಳನ್ನು ಇಂಥ ಮೇಲ್ಮಂಚದಲ್ಲಿ ಮಲಗಿಸಬೇಡಿ ಅಂತ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೇ ಹೇಳುತ್ತದೆ. ನಮ್ಮ ಮಗನಿಗೆ ಐದು, ಮಗಳಿಗೆ ಮೂರು. ಹಾಗಾಗಿ ನಮ್ಮ ಯಜಮಾನರು ಮೇಲೆ ಹತ್ತಿದರು, ಕೆಳಗಿನ ಎರಡು ಮಂಚ ಜೋಡಿಸಿ ನಾನು ಇಬ್ಬರು ಮಕ್ಕಳ ನಡುವೆ ಮಲಗಿದೆ. ನಾಲ್ಕನೆಯ ಮಂಚಕ್ಕೆ ಬಟ್ಟೆ ಚೀಲ ಏರಿದವು. ಸಣ್ಣ ಮಕ್ಕಳಿರುವ ಮನೆಯವರು ಕೋಣೆ ಎಣಿಸುವಾಗ ಮೊದಲು ಕೇಳಬೇಕಾದದ್ದು ಕಿಟಕಿ ಉಂಟೋ ಇಲ್ಲವೋ ಅಂತಲ್ಲ, ಎಲ್ಲಕ್ಕಿಂತ ಸಣ್ಣ ಕೂಸು ಎಲ್ಲಿ ಮಲಗುತ್ತದೆ ಅಂತ.

ನಾವು ಹುಬ್ಬಳ್ಳಿಯವರು, ಕೂಡು ಕುಟುಂಬ. ಮಾವ, ಅತ್ತಿ, ಭಾವ, ನೆಗೆಣ್ಣಿ, ಅವರ ಹನ್ನೊಂದು ಮತ್ತು ಏಳು ವರ್ಷದ ಮಕ್ಕಳು, ನಾವು ನಾಲ್ವರು. ರಾತ್ರಿ ರೈಲಿಗೆ ಮುಂಬೈ, ಅಲ್ಲಿಂದ ಬಲ್ಲಾರ್ಡ್ ಪಿಯರ್, ಅಲ್ಲಿಂದ ಹಡಗು. ಮೂರು ಕೋಣೆಗೆ ಮೂರು ನಮೂನೆ ಹಿಡಿದೆವು. ನಮಗೆ ಕಿಟಕಿ ಇಲ್ಲದ ಒಳಕೋಣೆ, ಹಿರಿಯರಿಗೆ ಕಿಟಕಿಯದ್ದು, ಫೋಟೋ ಹುಚ್ಚಿನ ಭಾವನಿಗೆ ಬಾಲ್ಕನಿಯದ್ದು. ಆಮೇಲೆ ಮಕ್ಕಳನ್ನು ಅದಲುಬದಲು ಮಾಡಿಕೊಂಡು ಮೂರರಲ್ಲೂ ಮಲಗಿ ನೋಡಿದೆವು.

ದುಡ್ಡಿನ ಮಾತು ಮೊದಲು ಮುಗಿಸುತ್ತೇನೆ. ದರ ಹೇಳುವುದು ಕೋಣೆಗಲ್ಲ, ತಲೆಗೆ. ಅದೂ ಒಂದು ಕೋಣೆಯಲ್ಲಿ ಇಬ್ಬರು ಎಂದುಕೊಂಡು. ಅದೇ ಕೋಣೆಗೆ ಸೇರುವ ಮೂರನೆಯವರಿಗೆ, ನಾಲ್ಕನೆಯವರಿಗೆ ಸಾಮಾನ್ಯವಾಗಿ ದರ ಇಳಿಯುತ್ತದೆ. ಒಬ್ಬರೇ ಒಂದು ಕೋಣೆ ಹಿಡಿದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು. ಬಂದರು ಶುಲ್ಕ, ಜಿಎಸ್‌ಟಿ ಬೇರೆ. ಹತ್ತು ಮಂದಿಗೆ ನಾಲ್ಕು, ನಾಲ್ಕು, ಎರಡು ಅಂತ ಹಂಚಿದರೆ ಅಗ್ಗ. ಒಳಕೋಣೆಗೂ ಕಿಟಕಿಯದ್ದಕ್ಕೂ ಅಂತರ ಕಡಿಮೆ, ಬಾಲ್ಕನಿಗೆ ಬಂದಾಗ ಜಿಗಿತ. ಕೆಲವೊಮ್ಮೆ ಕೋಣೆ ಖಾಲಿ ಇದ್ದರೂ ನಾಲ್ವರಿಗೆ ಸಿಗುವುದಿಲ್ಲ. ಒಂದೊಂದು ಭಾಗದ ಪ್ರಯಾಣಿಕರಿಗೆ ಇಂತಿಂಥ ಲೈಫ್‌ಬೋಟ್ ಅಂತ ನಿಗದಿ ಇರುತ್ತದೆ, ಅದರ ಸಂಖ್ಯೆ ತುಂಬಿದರೆ ಮೇಲಿನ ಮಂಚ ಮಾರುವುದಿಲ್ಲ. ದೊಡ್ಡ ಕುಟುಂಬದವರು ಬೇಗ ಬುಕ್ ಮಾಡಬೇಕಾದದ್ದು ಇದಕ್ಕೆ.

ಒಳಕೋಣೆಯ ಬಗ್ಗೆ ನನಗಿದ್ದ ಅಂಜಿಕೆ ಉಸಿರು ಕಟ್ಟುತ್ತದೆ ಅಂತ. ಹಾಗೇನೂ ಆಗಲಿಲ್ಲ, ಏಸಿ ಗಾಳಿ ಬೇಕಾದಷ್ಟು ಬರುತ್ತದೆ. ತೊಂದರೆ ಕತ್ತಲೆಯದ್ದು. ದೀಪ ಆರಿಸಿದರೆ ಮುಖದ ಮುಂದೆ ಹಿಡಿದ ಕೈ ಕಾಣದು, ಬೆಳಗಾಗಿದ್ದೂ ತಿಳಿಯದು. ಮಗಳು ಎದ್ದು ಚೀರಿದ ಮೇಲೆ ಬಚ್ಚಲಮನೆ ದೀಪ ಹಚ್ಚಿ ಬಾಗಿಲು ಓರೆ ಮಾಡಿ ಇಟ್ಟೆವು. ಹಡಗು ಹೊಯ್ದಾಡಿದಂತೆ ಆ ಬಾಗಿಲೂ ಹೊಯ್ದಾಡಿತು. ಭಾರದ ಬಾಗಿಲು, ಸಣ್ಣ ಬೆರಳು ಸಿಕ್ಕರೆ ಕತೆ ಮುಗಿಯಿತು. ಟವೆಲನ್ನು ಉದ್ದಕ್ಕೆ ಸುತ್ತಿ ಬಾಗಿಲ ಮೇಲಂಚಿಗೆ ಹಾಕಿದರೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಈ ಉಪಾಯ ಮಾವನದ್ದು. ಕೋಣೆಯ ಹೊರಬಾಗಿಲು ಬೆಂಕಿ ತಡೆಯಲೆಂದೇ ತಾನಾಗಿ ಮುಚ್ಚಿಕೊಳ್ಳುವಂಥದ್ದು, ಅದಕ್ಕೂ ಬೆರಳಿನ ಎಚ್ಚರ ಬೇಕು. ಬಚ್ಚಲಮನೆಯ ಹೊಸ್ತಿಲು ಎತ್ತರ, ಎಡವುವುದು ಮಕ್ಕಳಿಗಿಂತ ಅಜ್ಜ ಅಜ್ಜಿಯರೇ. ಇಷ್ಟು ಬಿಟ್ಟರೆ ಒಳಕೋಣೆಯಂಥ ಸುರಕ್ಷಿತ ಜಾಗ ಹಡಗಿನಲ್ಲಿ ಬೇರೆ ಇಲ್ಲ. ಮೇಲ್ಮಂಚದ ಏಣಿ ಬಿಟ್ಟರೆ ಹತ್ತಲಿಕ್ಕೆ ಏನೂ ಇಲ್ಲ, ತೆರೆಯಲಿಕ್ಕೆ ಕಿಟಕಿಯೂ ಇಲ್ಲ. ಮಧ್ಯಾಹ್ನ ಮಕ್ಕಳನ್ನು ಮಲಗಿಸಲು ಆ ಕತ್ತಲೆಯೇ ಉಪಕಾರ.

ಕಿಟಕಿ ಕೋಣೆಯ ಗಾಜು ಬಿಗಿಯಾಗಿ ಕೂರಿಸಿದ್ದು, ತೆರೆಯುವುದಿಲ್ಲ. ಅತ್ತಿ ಅದರ ಮುಂದೆ ಕುರ್ಚಿ ಎಳೆದುಕೊಂಡು ಮೊಮ್ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು "ನೋಡವಾ, ಬರೇ ನೀರ ಐತಿ, ದಂಡಿ ಎಲ್ಲೂ ಕಾಣವಲ್ದು" ಅನ್ನುತ್ತ ಗಂಟೆಗಟ್ಟಲೆ ಕೂತರು. ಕೆಳಗಿನ ಅಂತಸ್ತಿನಲ್ಲಿ, ಹಡಗಿನ ಉದ್ದದ ನಡುಮಧ್ಯೆ ಇದ್ದ ಕೋಣೆ ಅದು. ಹಡಗು ತೊಟ್ಟಿಲಂತೆ ತೂಗುವಾಗ ನಡುಭಾಗ ಕಡಿಮೆ ಏಳುತ್ತದೆ, ಮೂತಿ ಮತ್ತು ಬಾಲದ ಕಡೆ ಜಾಸ್ತಿ; ಎತ್ತರಕ್ಕೆ ಹೋದಷ್ಟೂ ಅಕ್ಕಪಕ್ಕದ ಹೊಯ್ದಾಟ ಹೆಚ್ಚು. ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವಷ್ಟರಲ್ಲಿ ವಾಂತಿ ಅನ್ನುವ ಅತ್ತಿ ಇಲ್ಲಿ ಆರಾಮಿದ್ದರು. ಮೇಲೆ ಬಾಲ್ಕನಿಯಲ್ಲಿದ್ದ ಭಾವ ಒಂದು ರಾತ್ರಿ ಊಟ ಬಿಟ್ಟರು.

ಈಗ ಬಾಲ್ಕನಿ. ಸಂಜೆ ಹೊತ್ತು ಅಲ್ಲಿ ಚಹಾ ಕುಡಿಯುವ ಸುಖ ಬೇರೆಯೇ, ಸುಳ್ಳು ಹೇಳುವುದಿಲ್ಲ. ಅಮೆರಿಕದ ಬಂದರುಗಳಿಗೆ ಹೋಗುವ ಪ್ರಯಾಣಿಕ ಹಡಗುಗಳ ರೇಲಿಂಗ್ 42 ಇಂಚಿಗೆ ಕಡಿಮೆ ಇರಬಾರದು ಅಂತ 2010ರ ಅಲ್ಲಿನ ಕಾನೂನು ಹೇಳುತ್ತದೆ. ನಮ್ಮ ನೆಗೆಣ್ಣಿ ಮನೆಯಲ್ಲೇ ಬ್ಲೌಸ್ ಹೊಲಿಯುವವರು, ಪರ್ಸಿನಲ್ಲಿ ಟೇಪು ಯಾವಾಗಲೂ ಇರುತ್ತದೆ. ಅಳೆದರು. ರೇಲಿಂಗ್ 42 ದಾಟಿತ್ತು, ಸರಿಯೇ. ಆಮೇಲೆ ಅಲ್ಲಿದ್ದ ಕುರ್ಚಿ ಅಳೆದರು: ಕೂರುವ ಜಾಗ 17 ಇಂಚು. ನನ್ನ ಮಗಳ ಎತ್ತರ 37. ಅವಳು ಕುರ್ಚಿ ಮೇಲೆ ನಿಂತರೆ ರೇಲಿಂಗ್ ಅವಳ ಎದೆಮಟ್ಟಕ್ಕೆ ಬಂತು. ಕುರ್ಚಿಯ ಕೈ ಮೇಲೆ ಕಾಲಿಟ್ಟರೆ ಅದಕ್ಕಿಂತ ಎಷ್ಟೋ ಕೆಳಗೆ. ಸಣ್ಣ ಮಕ್ಕಳ ತಲೆ ಭಾರ, ಬಗ್ಗಿದರೆ ಮುಂದಕ್ಕೇ ಬೀಳುವುದು. ನೆಗೆಣ್ಣಿ ಟೇಪು ಸುತ್ತಿಟ್ಟು, "ಕುರ್ಚಿ ಒಳಗ ತಗೋರಿ, ಈಗಿಂದೀಗ" ಅಂದರು. ಕುರ್ಚಿ ಮೇಜು ಒಳಗೆ ಬಂದವು, ಆ ಕೋಣೆಯಲ್ಲಿ ಓಡಾಡಲು ಜಾಗ ಉಳಿಯಲಿಲ್ಲ. ಅವರ ದೊಡ್ಡ ಮಕ್ಕಳಿಬ್ಬರಿಗೂ ತಾಯಿ ಇಲ್ಲದಾಗ ಬಾಲ್ಕನಿ ಬಾಗಿಲು ಮುಟ್ಟಬಾರದು ಅಂತ ಕಟ್ಟಪ್ಪಣೆ. ಹೆಚ್ಚಿಗೆ ದುಡ್ಡು ಕೊಟ್ಟು ಕೊಂಡ ಜಾಗಕ್ಕೆ ಕಾವಲು ಕೂರುವ ಕೆಲಸ ಯಾರಿಗೆ ಬೇಕು? ಆರು ತುಂಬದ ಮಕ್ಕಳಿದ್ದರೆ ನಾನು ಬಾಲ್ಕನಿ ಬೇಡ ಅನ್ನುತ್ತೇನೆ, ರಿಯಾಯಿತಿಗೆ ಕೊಟ್ಟರೂ.

ಇದಕ್ಕಿಂತ ದೊಡ್ಡ ಸಂಗತಿ ಹಡಗು ಹತ್ತಿದ ದಿನವೇ, ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ತೋರಿಸುವ ತುರ್ತು ತಾಲೀಮಿನಲ್ಲಿ ತಿಳಿಯಿತು. 2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಗುಲಿ ವಾಲಿ, 32 ಮಂದಿ ಸತ್ತರು. ಅಂದು ಸಂಜೆ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ತುರ್ತು ತಾಲೀಮು ಇನ್ನೂ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಅಂತ ಆಗಿನ ನಿಯಮ. 2015ರಿಂದ ಹಡಗು ಬಿಡುವ ಮೊದಲೇ ಅಥವಾ ಬಿಟ್ಟ ಕೂಡಲೇ ತಾಲೀಮು ಆಗಲೇಬೇಕು. ನಮ್ಮ ತಾಲೀಮಿನಲ್ಲಿ ಗೊತ್ತಾದದ್ದು, ಭಾವನ ಬಾಲ್ಕನಿ ಕೋಣೆಯವರು ಸೇರುವ ಜಾಗವೇ ಬೇರೆ, ನಮ್ಮದೇ ಬೇರೆ. ಏನಾದರೂ ಆದರೆ ಅಜ್ಜಿ ಹತ್ತಿರ ಆಡುತ್ತಿರುವ ಅವರ ಮಗಳು ಯಾವ ಕಡೆ ಓಡಬೇಕು? ಮೂರೂ ಕೋಣೆ ಒಂದೇ ಅಂತಸ್ತಿನಲ್ಲಿ, ಒಂದೇ ಸೇರುವ ಜಾಗಕ್ಕೆ ಬರುವಂತೆ ಕೇಳಿ ಹಿಡಿಯಿರಿ. ಕೋಣೆಯ ಕಪಾಟಿನಲ್ಲಿ ದೊಡ್ಡವರ ಲೈಫ್ ಜಾಕೆಟ್ ಮಾತ್ರ ಇದ್ದವು, ಕೇಳಿದ ಮೇಲೆ ಮಕ್ಕಳ ಅಳತೆಯವು ಬಂದವು.

ಒಂದು ಸಣ್ಣ ಮಾತು. ಕೋಣೆಯ ಗೋಡೆ, ಬಾಗಿಲು ಉಕ್ಕಿನವು, ಅಯಸ್ಕಾಂತ ಹಿಡಿಯುತ್ತದೆ. ಉದ್ದನೆಯ ಓಣಿಯಲ್ಲಿ ಎಲ್ಲ ಬಾಗಿಲೂ ಒಂದೇ ಥರ. ನಮ್ಮ ಫ್ರಿಜ್ ಮೇಲಿದ್ದ ಮಾವಿನ ಹಣ್ಣಿನ ಮ್ಯಾಗ್ನೆಟ್ ಬಾಗಿಲಿಗೆ ಅಂಟಿಸಿದ್ದಕ್ಕೆ ಐದು ವರ್ಷದವನಿಗೂ ಮನೆ ಸಿಕ್ಕಿತು. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಒಯ್ಯಬೇಡಿ, ಬೆಂಕಿಯ ಭಯಕ್ಕೆ ಹತ್ತುವಾಗಲೇ ತೆಗೆದಿಡುತ್ತಾರೆ.

ಹಾಗಾದರೆ ಹತ್ತು ಮಂದಿಗೆ ನಾನು ಹಿಡಿಯುವುದು: ಎದುರುಬದುರು ಎರಡು ಒಳಕೋಣೆ, ಪಕ್ಕದಲ್ಲೇ ಹಿರಿಯರಿಗೆ ಒಂದು ಕಿಟಕಿಯದ್ದು. ಹಗಲು ಎಲ್ಲರೂ ಕಿಟಕಿಯ ಕೋಣೆಯಲ್ಲಿ, ರಾತ್ರಿ ತಂತಮ್ಮ ಕತ್ತಲೆಗೆ. ನಡುವೆ ಬಾಗಿಲಿರುವ ಜೋಡಿ ಕೋಣೆ ಸಿಕ್ಕರೆ ಮಕ್ಕಳ ಮಟ್ಟಿಗೆ ಅದಿನ್ನೂ ಚಲೋ, ಆದರೆ ಆ ಬಾಗಿಲಿನಿಂದ ಗೊರಕೆಯೂ ಬರುತ್ತದೆ. ಬುಕ್ ಮಾಡುವ ಮುಂಚೆ ಏಜೆಂಟರ ಹತ್ತಿರ ಡೆಕ್ ನಕ್ಷೆ ಕೇಳಿ, ನಿಮ್ಮ ಕೋಣೆಯ ಮೇಲೆ ಕೆಳಗೆ ಏನಿದೆ ನೋಡಿ. ಮೇಲೂ ಕೆಳಗೂ ಕೋಣೆಗಳೇ ಇದ್ದರೆ ನಿದ್ದೆ ಬರುತ್ತದೆ. ಭಾವನ ಕೋಣೆಯ ತಲೆ ಮೇಲೆ ಡಿಜೆ ಇತ್ತು.